ಜಗಳವಾಡಲೊಲ್ಲದ ಮಕ್ಕಳು

ಬೇಸಿಗೆಯ ರಜೆ ಸಮೀಪಿಸಿತೆಂದರೆ ಮಕ್ಕಳ ಶಿಬಿರಗಳ ಕರಪತ್ರಗಳು ಮನೆಮನೆಗೂ ಬರತೊಡಗುತ್ತವೆ. ಶಾಲೆಗಳು ನಡೆಸುವವು ಕೆಲವು, ಬಸದಿಯ ಟ್ರಸ್ಟುಗಳೂ ಯುವಕ ಸಂಘಗಳೂ ನಡೆಸುವವು ಇನ್ನು ಕೆಲವು. ಎಲ್ಲ ಕರಪತ್ರಗಳಲ್ಲಿಯೂ ಎರಡು ಮಾತುಗಳು ತಪ್ಪದೆ ಇರುತ್ತವೆ: ಮಕ್ಕಳಲ್ಲಿ ಸ್ನೇಹಭಾವ ಬೆಳೆಯುತ್ತದೆ, ಮನಃಸ್ಥೈರ್ಯ ಬೆಳೆಯುತ್ತದೆ. ಶುಲ್ಕ ಕಟ್ಟುವ ತಂದೆಯಾಗಲಿ, ಹಾಸಿಗೆ ಸುತ್ತಿಕೊಡುವ ತಾಯಿಯಾಗಲಿ ಈ ಮಾತುಗಳನ್ನು ಪರೀಕ್ಷಿಸಲು ಹೋಗುವುದಿಲ್ಲ. ಅಂಗಡಿಯಲ್ಲಿ ಒಂದು ಕಿಲೋ ತೊಗರಿಬೇಳೆ ಕೊಳ್ಳುವಾಗಲೂ ಅಂಗೈಯಲ್ಲಿ ಹರಡಿಕೊಂಡು ನೋಡುವವರು, ಹತ್ತು ದಿನಗಳ ಮಟ್ಟಿಗೆ ಮಗನನ್ನೋ ಮಗಳನ್ನೋ ಪರರ ವಶಕ್ಕೆ ಒಪ್ಪಿಸುವಾಗ ವಿಚಾರಿಸುವುದು ಊಟ ಸೂರ್ಯಾಸ್ತಕ್ಕೆ ಮೊದಲು ಆಗುವುದೋ ಇಲ್ಲವೋ ಎಂಬುದೊಂದನ್ನೇ. ಅದನ್ನು ವಿಚಾರಿಸುವುದು ಸರಿಯೇ. ಆದರೆ ಶಿಬಿರದಲ್ಲಿ ಸ್ನೇಹವೆಂಬುದು ಹೇಗೆ ಹುಟ್ಟುತ್ತದೆ, ಯಾರ ಕೈಯಿಂದ ಕೆಡುತ್ತದೆ ಎಂದು ಕೇಳಿದ ಪೋಷಕರು ವಿರಳ.

ಈ ಪ್ರಶ್ನೆಯ ಬೆನ್ನು ಹತ್ತಿ ಅಪಾರ ಶ್ರಮವನ್ನೂ ಧನವನ್ನೂ ವ್ಯಯಿಸಿದ ವಿದ್ವಾಂಸರೊಬ್ಬರು ಅಮೆರಿಕದಲ್ಲಿದ್ದರು. ಅವರ ಹೆಸರು ಮುಜಾಫರ್ ಷೆರೀಫ್. 1906ರಲ್ಲಿ ತುರ್ಕಿಯ ಓದೆಮಿಷ್ ಎಂಬ ಊರಿನಲ್ಲಿ ಜನಿಸಿದ ಇವರು, 1919ರಲ್ಲಿ ಗ್ರೀಕ್ ಸೈನ್ಯ ಇಜ್ಮಿರ್ ನಗರಕ್ಕೆ ಬಂದಿಳಿದಾಗ ನಡೆದ ಕೊಲೆಗಳನ್ನು ಬಾಲ್ಯದಲ್ಲಿಯೇ ಕಣ್ಣಾರೆ ಕಂಡವರು. ನಿನ್ನೆಯವರೆಗೆ ನೆರೆಹೊರೆಯಾಗಿ ಬಾಳಿದವರು ಇಂದು ಹಗೆಗಳಾಗುವುದು ಹೇಗೆ ಎಂಬ ಚಿಂತೆ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಾಗಿ ನೆಲೆಸಿದ ಮೇಲೆ 1949, 1953 ಮತ್ತು 1954ರಲ್ಲಿ ಅವರು ಹನ್ನೊಂದು ಹನ್ನೆರಡು ವರ್ಷದ ಶಾಲಾ ಬಾಲಕರಿಗಾಗಿ ಮೂರು ಬೇಸಿಗೆ ಶಿಬಿರಗಳನ್ನು ನಡೆಸಿದರು. ಮಕ್ಕಳ ಪಾಲಿಗೆ ಅದು ಆಟಪಾಟದ ಶಿಬಿರ. ಅವರನ್ನು ನಡೆಸಿಕೊಂಡವರ ಪಾಲಿಗೆ ಅದೊಂದು ಪ್ರಯೋಗ. ಶಿಬಿರಾಧಿಕಾರಿಗಳಂತೆ ಕಾಣುತ್ತಿದ್ದವರು ಸಂಶೋಧನ ಸಹಾಯಕರು. ಷೆರೀಫರೇ ಶಿಬಿರದ ಕೆಲಸದಾಳಿನಂತೆ ನಟಿಸುತ್ತ ಹುಡುಗರ ಮಾತಿಗೆ ಕಿವಿಗೊಡುತ್ತಿದ್ದರು. ನೈಜ ಉದ್ದೇಶವನ್ನು ಹುಡುಗರಿಗೂ ತಿಳಿಸಿರಲಿಲ್ಲ, ಅವರ ತಂದೆತಾಯಿಗಳಿಗೂ ತಿಳಿಸಿರಲಿಲ್ಲ. ಮಕ್ಕಳನ್ನು ಎರಡು ಪಂಗಡ ಮಾಡಿ, ಅವುಗಳ ನಡುವೆ ವೈರ ಹುಟ್ಟಿಸಿ, ಬಳಿಕ ಆ ವೈರವನ್ನು ಶಮನಗೊಳಿಸುವ ಬಗೆಯನ್ನು ಕಂಡುಕೊಳ್ಳುವುದು ಅವರ ಯೋಜನೆ.

ಕನೆಕ್ಟಿಕಟ್ ರಾಜ್ಯದಲ್ಲಿ 1949ರಲ್ಲಿ ನಡೆದ ಮೊದಲ ಶಿಬಿರದ ಫಲಿತಾಂಶ ಖೇದಕರವಾದುದು. ಬಂದಿದ್ದ 24 ಹುಡುಗರನ್ನು ಕೆಲವು ದಿನ ಒಟ್ಟಿಗೆ ಬಿಟ್ಟು, ಯಾರು ಯಾರಿಗೆ ಆಪ್ತರು ಎಂದು ಕೇಳಿ ತಿಳಿದುಕೊಂಡು, ಆಪ್ತರಾದವರು ಬೇರೆಬೇರೆ ಪಂಗಡಕ್ಕೆ ಹೋಗುವಂತೆ ವಿಂಗಡಿಸಲಾಯಿತು. ಎರಡು ಪಂಗಡಗಳಿಗೂ ಬೇರೆ ಬೇರೆ ವಸತಿ, ಬೇರೆ ಬೇರೆ ಕೆಲಸ. ಕೆಲವು ದಿನಗಳ ಅನಂತರ ಮತ್ತೆ ಅದೇ ಪ್ರಶ್ನೆ ಕೇಳಿದಾಗ ಹತ್ತರಲ್ಲಿ ಒಂಬತ್ತು ಪಾಲು ಸ್ನೇಹಿತರು ತಮ್ಮ ತಮ್ಮ ಪಂಗಡದವರೇ ಆಗಿದ್ದರು. ಮೊದಲಿನ ಗೆಳೆಯ ಮರೆತುಹೋಗಿದ್ದ. ಬಳಿಕ ಪಂದ್ಯಗಳು ನಡೆದವು, ಮನಸ್ಸುಗಳು ಕಹಿಯಾದವು. ರಾಜಿ ಮಾಡಿಸುವ ಹೆಸರಿನಲ್ಲಿ ಒಂದು ಸಂತೋಷಕೂಟವನ್ನೇರ್ಪಡಿಸಿ, ಅಲ್ಲಿಟ್ಟ ತಿಂಡಿಯಲ್ಲಿ ಅರ್ಧವನ್ನು ಬೇಕೆಂದೇ ಜಜ್ಜಿ ಕೆಡಿಸಿ, ಒಂದು ಪಂಗಡವನ್ನು ಮೊದಲು ಬರಮಾಡಿಕೊಳ್ಳಲಾಯಿತು. ಮೊದಲು ಬಂದವರು ಚೆನ್ನಾಗಿದ್ದುದನ್ನು ಎತ್ತಿಕೊಂಡರು. ತಡವಾಗಿ ಬಂದವರಿಗೆ ಉಳಿದದ್ದು ಜಜ್ಜಿದ ಪಾಲು. ಮುಂದಿನದನ್ನು ವಿವರಿಸಬೇಕಾದ್ದಿಲ್ಲ.

ಮೊದಲೇ ಸ್ನೇಹವಾಗಿದ್ದರೆ ಸಾಕು, ಆಮೇಲೆ ಯಾರೂ ಅದನ್ನು ಒಡೆಯಲಾರರು ಎಂದು ಹೇಳುವವರಿಗೆ ಈ ಶಿಬಿರ ಅಡ್ಡ ಬರುತ್ತದೆ. ಮೂರು ದಿನದ ಸ್ನೇಹವನ್ನು ಒಂದು ಗೋಡೆ, ಒಂದು ಹೆಸರು, ಒಂದು ಪದಕ ಸೇರಿ ಮುರಿಯಬಲ್ಲವು. ಇದನ್ನು ಒಪ್ಪಿಕೊಂಡ ಮೇಲೆಯೇ ಎರಡನೆಯ ಶಿಬಿರದ ಕಥೆಯನ್ನು ಹೇಳುವುದು ನ್ಯಾಯ.

ಎರಡನೆಯದು ನಡೆದದ್ದು 1953ರಲ್ಲಿ, ನ್ಯೂಯಾರ್ಕ್ ರಾಜ್ಯದ ಮಿಡ್ಲ್ ಗ್ರೋವ್ ಎಂಬಲ್ಲಿ. ರಾಕ್‌ಫೆಲರ್ ಪ್ರತಿಷ್ಠಾನ ಷೆರೀಫರಿಗೆ 38 ಸಾವಿರ ಡಾಲರ್ ಅನುದಾನ ನೀಡಿತ್ತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಇಲ್ಲಿಯೂ ಹುಡುಗರು ಮೊದಲು ಒಟ್ಟಿಗೆ ಇದ್ದು ಪರಿಚಯ ಬೆಳೆಸಿಕೊಂಡರು. ಇಲ್ಲಿಯೂ ಆಪ್ತರನ್ನು ಅಗಲಿಸಿ ಎರಡು ಪಂಗಡ ಮಾಡಲಾಯಿತು. ಒಂದಕ್ಕೆ ಪ್ಯಾಂಥರ್ಸ್ ಎಂದು ಹೆಸರಾಯಿತು, ಇನ್ನೊಂದಕ್ಕೆ ಪೈಥಾನ್ಸ್ ಎಂದು. ಪಂದ್ಯಗಳು ಆರಂಭವಾದವು. ಹಗ್ಗ ಜಗ್ಗಾಟದಲ್ಲಿ ಪೈಥಾನ್ ಹುಡುಗರು ಸೋತರು. ಸೋತವರು ಕೆರಳಬೇಕೆಂದು ಪ್ರಯೋಗಕಾರರ ನಿರೀಕ್ಷೆ. ಆದರೆ ಆ ಹುಡುಗರು, ಎದುರಾಳಿಗಳು ತಮಗಿಂತ ಚೆನ್ನಾಗಿ ಆಡಿದರು, ಗೆಲ್ಲತಕ್ಕವರೇ ಗೆದ್ದರು ಎಂದುಬಿಟ್ಟರು.

ಆಟದಿಂದ ವೈರ ಹುಟ್ಟದೆ ಹೋದಾಗ ಹಿರಿಯರು ಮೋಸಕ್ಕೆ ಇಳಿದರು. ಡೇರೆಗಳಿಂದ ಹುಡುಗರ ಬಟ್ಟೆಗಳನ್ನು ಕದ್ದರು. ತಮ್ಮ ಬಟ್ಟೆ ಕಾಣದಾದಾಗ ಹುಡುಗರು ಎದುರು ಪಂಗಡವನ್ನು ದೂರಲಿಲ್ಲ. ಒಗೆಯಲು ಕೊಟ್ಟ ಕಡೆ ಅದಲುಬದಲಾಗಿರಬೇಕೆಂದು ಸುಮ್ಮನಾದರು. ಪ್ಯಾಂಥರ್ ಹುಡುಗರು ತಮ್ಮ ಕೈಯಿಂದಲೇ ತಯಾರಿಸಿಕೊಂಡಿದ್ದ ಧ್ವಜವೊಂದಿತ್ತು. ಯಾರೂ ನೋಡದ ವೇಳೆಯಲ್ಲಿ ಅದರ ಹಗ್ಗವನ್ನು ಕತ್ತರಿಸಿ ಕೆಡವಲಾಯಿತು. ಈ ಸಲ ಸಂಶಯ ಮೂಡಿದ್ದು ನಿಜ. ಮಕ್ಕಳೇನೂ ದೇವತೆಗಳಲ್ಲ. ಆದರೆ ಅವರು ಕಲ್ಲೆತ್ತಿಕೊಳ್ಳಲಿಲ್ಲ, ಹೋಗಿ ಕೇಳಿದರು. ಪೈಥಾನ್ ಹುಡುಗರು ಒಬ್ಬೊಬ್ಬರಾಗಿ ಬೈಬಲ್ ಗ್ರಂಥವನ್ನು ಮುಟ್ಟಿ ತಾವು ಕತ್ತರಿಸಿಲ್ಲವೆಂದು ಪ್ರಮಾಣ ಮಾಡಿದರು. ಮಾತು ಅಲ್ಲಿಗೆ ಮುಗಿಯಿತು.

ಇಷ್ಟಕ್ಕೂ ಬಿಡಲಿಲ್ಲ. ಸಹಾಯಕರಲ್ಲೊಬ್ಬರು ಪ್ಯಾಂಥರ್ ಹುಡುಗರ ಡೇರೆಯನ್ನು ಕೆಡವಿ, ಪೆಟ್ಟಿಗೆಗಳನ್ನು ಪೊದೆಗಳೊಳಗೆ ಎಸೆದು, ಒಬ್ಬ ಹುಡುಗ ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದ ಯುಕುಲೆಲೆ ಎಂಬ ಚಿಕ್ಕ ತಂತಿವಾದ್ಯವನ್ನು ಮುರಿದು ಹಾಕಿದರು. ಒಂದು ಮಗುವಿನ ವಾದ್ಯವನ್ನು ಕತ್ತಲಲ್ಲಿ ಮುರಿಯುವಾಗ ಆ ಸುಶಿಕ್ಷಿತ ವ್ಯಕ್ತಿಯ ಮನಸ್ಸಿನಲ್ಲಿ ಏನಿತ್ತೋ! ಶಾಸ್ತ್ರಕ್ಕಾಗಿ ಮಾಡುತ್ತಿದ್ದೇನೆಂಬ ಸಮಾಧಾನವಿತ್ತೆಂದು ಊಹಿಸಬಹುದು. ಅಂಥ ಸಮಾಧಾನ ಯಾರಿಗೂ ಬೇಗನೆ ಸಿಗುತ್ತದೆ.

ಹುಡುಗರು ಮಾಡಿದ್ದೇನು? ಎರಡೂ ಪಂಗಡದವರು ಸೇರಿ ಬಿದ್ದ ಡೇರೆಯನ್ನು ಮತ್ತೆ ನಿಲ್ಲಿಸಿದರು. ಅಷ್ಟೇ ಅಲ್ಲ, ಅವರ ಸಂಶಯದ ದೃಷ್ಟಿ ಈಗ ಶಿಬಿರಾಧಿಕಾರಿಗಳ ಕಡೆಗೆ ತಿರುಗಿತು. ತಾವು ಹೇಗೆ ವರ್ತಿಸುತ್ತೇವೆಂದು ನೋಡುವುದಕ್ಕಾಗಿ ನೀವೇ ಹೀಗೆ ಮಾಡಿರಬಹುದಲ್ಲವೇ ಎಂಬರ್ಥದಲ್ಲಿ ಒಬ್ಬ ಹುಡುಗ ನೇರವಾಗಿಯೇ ಕೇಳಿದ. ಆ ಪ್ರಶ್ನೆಗೆ ಅಧಿಕಾರಿಗಳಲ್ಲಿ ಪ್ರಾಮಾಣಿಕ ಉತ್ತರವಿರಲು ಸಾಧ್ಯವಿರಲಿಲ್ಲ. ಪ್ರಯೋಗವನ್ನು ಮಧ್ಯದಲ್ಲಿಯೇ ನಿಲ್ಲಿಸಬೇಕಾಯಿತು. ಮಕ್ಕಳಲ್ಲಿ ಜಗಳ ಹುಟ್ಟಲಿಲ್ಲವೆಂಬ ಕಾರಣಕ್ಕೆ ಹಿರಿಯರ ನಡುವೆ ಮನಸ್ತಾಪ ಹುಟ್ಟಿತು. ಜಮೆಯ ಕಡೆ 38 ಸಾವಿರ ಡಾಲರ್ ಬರೆದುಕೊಂಡವರಿಗೆ ಖರ್ಚಿನ ಎದುರು ತೋರಿಸಬೇಕಾದ ಫಲ ಜಗಳವಾಗಿತ್ತು. ಸ್ನೇಹವನ್ನು ಅವರು ನಷ್ಟವೆಂದು ಬರೆದುಕೊಂಡರು. ಈ ಶಿಬಿರದ ವಿಷಯವಾಗಿ ಷೆರೀಫರು ಮುಂದೆ ಹೆಚ್ಚೇನೂ ಬರೆಯಲಿಲ್ಲ. ಆಸ್ಟ್ರೇಲಿಯದ ಲೇಖಕಿ ಜೀನಾ ಪೆರಿ ಅವರು ಹಳೆಯ ಕಡತಗಳನ್ನು ಶೋಧಿಸಿ, ಅಂದಿನ ಬಾಲಕರಲ್ಲಿ ಬದುಕಿದ್ದವರನ್ನು ಹುಡುಕಿ ಮಾತನಾಡಿಸಿ, 2018ರಲ್ಲಿ ದಿ ಲಾಸ್ಟ್ ಬಾಯ್ಸ್ ಎಂಬ ಗ್ರಂಥವನ್ನು ಪ್ರಕಟಿಸಿದ ಮೇಲೆಯೇ ಇದರ ವಿವರಗಳು ಲೋಕಕ್ಕೆ ತಿಳಿದವು.

ಒಂದೇ ಬಗೆಯ ಯೋಜನೆ, ಒಂದೇ ವಯಸ್ಸಿನ ಮಕ್ಕಳು. ಹಾಗಿದ್ದೂ 1949ರಲ್ಲಿ ಒಡೆದ ಸ್ನೇಹ 1953ರಲ್ಲಿ ಏಕೆ ಒಡೆಯಲಿಲ್ಲ? ಇದಕ್ಕೆ ಖಚಿತವಾದ ಸೂತ್ರವೊಂದನ್ನು ಹೇಳಲು ಹೊರಡುವುದು ಸಾಹಸ. ಆದರೆ ಎರಡನೆಯ ಶಿಬಿರದಲ್ಲಿ ಒಂದು ವಿಶೇಷ ಎದ್ದು ಕಾಣುತ್ತದೆ. ಸಂಶಯ ಬಂದಾಗಲೆಲ್ಲ ಆ ಮಕ್ಕಳು ಅದನ್ನು ತಮ್ಮ ಪಂಗಡದೊಳಗೇ ಇಟ್ಟು ಬೆಳೆಸದೆ, ಯಾರ ಮೇಲೆ ಸಂಶಯವೋ ಅವರ ಬಳಿಗೇ ಒಯ್ದರು. ಅವರು ಕೊಟ್ಟ ಮಾತನ್ನು ನಂಬಿದರು. ಪ್ರಮಾಣ ಮಾಡಿಸುವ ಪದ್ಧತಿ ಈಗಿನವರಿಗೆ ಹಳೆಯದೆನಿಸಬಹುದು. ಆದರೆ ಪ್ರಮಾಣಕ್ಕೆ ಬೆಲೆ ಬರುವುದು ಕೇಳುವವನು ನಂಬಲು ಸಿದ್ಧನಿದ್ದಾಗ ಮಾತ್ರ. ಗೆಳೆತನವೆಂದರೆ ಹತ್ತು ದಿನ ಜೊತೆಯಲ್ಲಿ ನಕ್ಕು ನಲಿದದ್ದಲ್ಲ, ಹೋಗಿ ಕೇಳಬಹುದಾದಷ್ಟು ದಾರಿ ತೆರೆದಿಟ್ಟುಕೊಂಡದ್ದು ಎಂದು ಆ ಹುಡುಗರ ನಡತೆಯಿಂದ ತಿಳಿಯುತ್ತದೆ.

ಷೆರೀಫರು ಎದೆಗುಂದಲಿಲ್ಲ. 1954ರಲ್ಲಿ ಓಕ್ಲಹೋಮ ರಾಜ್ಯದ ರಾಬರ್ಸ್ ಕೇವ್ ಎಂಬ ಗುಡ್ಡಗಾಡಿನ ಉದ್ಯಾನದಲ್ಲಿ ಮೂರನೆಯ ಶಿಬಿರವನ್ನು ನಡೆಸಿದರು. ಹಿಂದಿನ ಸಲದ ಪಾಠವನ್ನು ಅವರು ಮರೆತಿರಲಿಲ್ಲ: ಈ ಬಾರಿ ಹುಡುಗರಿಗೆ ಮೊದಲೇ ಸ್ನೇಹ ಬೆಳೆಸುವ ಅವಕಾಶವನ್ನೇ ಕೊಡಲಿಲ್ಲ. 22 ಹುಡುಗರು ಎರಡು ಬಸ್ಸುಗಳಲ್ಲಿ ಬೇರೆಬೇರೆಯಾಗಿ ಬಂದರು. ಇನ್ನೊಂದು ಗುಂಪು ಅಲ್ಲಿದೆಯೆಂಬುದೇ ಸುಮಾರು ಒಂದು ವಾರ ತಿಳಿಯದಂತೆ ನೋಡಿಕೊಳ್ಳಲಾಯಿತು. ಒಂದು ಗುಂಪು ಈಗಲ್ಸ್, ಇನ್ನೊಂದು ರ್‍ಯಾಟ್ಲರ್ಸ್. ಬಳಿಕ ಪದಕ, ಟ್ರೋಫಿ ಮತ್ತು ಗೆದ್ದವರಿಗೆಲ್ಲ ಒಂದೊಂದು ಚಾಕು ಬಹುಮಾನವಾಗಿಟ್ಟು ಪಂದ್ಯಾವಳಿ ಆರಂಭಿಸಿದರು. ಸೋತವರಿಗೆ ಏನೂ ಇಲ್ಲ. ಅಂಕಗಳು ಕೊನೆಯವರೆಗೆ ಸಮಸಮನಾಗಿರುವಂತೆ ಕೊಠಡಿಯ ಶುಚಿತ್ವ ಮೊದಲಾದವುಗಳಿಗೆ ಅಂಕ ಹಾಕುವಾಗ ಅಧಿಕಾರಿಗಳು ಹೆಚ್ಚುಕಡಿಮೆ ಮಾಡುತ್ತಿದ್ದರು. ತಕ್ಕಡಿಯ ತಟ್ಟೆಯ ಕೆಳಗೆ ಬೆರಳಿಡುವ ವಿದ್ಯೆ ವ್ಯಾಪಾರಿಗಳಿಗೆ ಮಾತ್ರ ಗೊತ್ತೆಂದು ಹೇಳುವವರು ಇದನ್ನು ಗಮನಿಸಬೇಕು. ಧ್ವಜ ಸುಡುವುದು, ಕೊಠಡಿಗೆ ನುಗ್ಗಿ ಬಹುಮಾನ ಹೊತ್ತೊಯ್ಯುವುದು, ಬೈಗುಳ ಎಲ್ಲವೂ ನಡೆದವು. ಎರಡು ಗುಂಪಿನವರನ್ನು ಒಂದೇ ಊಟದ ಮನೆಯಲ್ಲಿ ಕೂರಿಸಿದರೆ ತಣ್ಣಗಾಗಬಹುದೆಂದು ನೋಡಿದಾಗ ಅವರು ಅನ್ನಾಹಾರವನ್ನು ಒಬ್ಬರ ಮೇಲೊಬ್ಬರು ಎರಚಾಡಿದರು. ಪಂಕ್ತಿಭೋಜನವೊಂದರಿಂದಲೇ ಮನಸ್ಸು ಕೂಡುವುದಿಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ.

ಮನಸ್ಸು ಕೂಡಿದ್ದು ನೀರಿನ ದೆಸೆಯಿಂದ. ಶಿಬಿರದ ನೀರಿನ ತೊಟ್ಟಿಯಿಂದ ನೀರು ಬರುವುದು ನಿಂತಿತು, ನಿಲ್ಲಿಸಿದವರು ಅಧಿಕಾರಿಗಳೇ. ಬಿಸಿಲಿನಲ್ಲಿ ಎರಡು ಗುಂಪಿನವರೂ ಕೊಳಾಯಿಯ ಸಾಲನ್ನು ಹುಡುಕುತ್ತ ತೊಟ್ಟಿಯವರೆಗೆ ಹೋಗಿ, ನಲ್ಲಿಗೆ ಗೋಣಿಯ ತುಂಡು ತುರುಕಿರುವುದನ್ನು ಕಂಡು, ಜೊತೆಯಾಗಿ ಹೆಣಗಿ ಅದನ್ನು ತೆಗೆದರು. ನೀರು ಬಂದಾಗ ಈಗಲ್ ಹುಡುಗರ ಬಳಿ ನೀರಿನ ಸೀಸೆಗಳಿರಲಿಲ್ಲ, ಅವರಿಗೆ ಬಾಯಾರಿಕೆ ಹೆಚ್ಚಾಗಿತ್ತು. ಅವರು ಮೊದಲು ಕುಡಿಯಲು ರ್‍ಯಾಟ್ಲರ್ ಹುಡುಗರು ಅಡ್ಡಿ ಮಾಡಲಿಲ್ಲ. ಅಂದಿನ ರಾತ್ರಿಯ ಊಟಕ್ಕೆ ಮತ್ತೆ ಹಳೆಯ ಜಗಳ! ಒಂದೇ ದಿನದಲ್ಲಿ ಗುಣ ಕಾಣುವ ಔಷಧ ಅದಲ್ಲ. ಮರುದಿನಗಳಲ್ಲಿ ಬೇರೆ ಕೆಲಸಗಳು ಒದಗಿದವು. ಚಲನಚಿತ್ರವೊಂದನ್ನು ತರಿಸಲು ಹದಿನೈದು ಡಾಲರ್ ಬೇಕಾಗಿ, ಗುಂಪಿಗೆ ಮೂರೂವರೆ ಡಾಲರಿನಂತೆ ಹಾಕಿಕೊಳ್ಳುವುದೆಂದಾಯಿತು. ಉಳಿದದ್ದು ಶಿಬಿರದ್ದು. ಈಗಲ್ ಗುಂಪಿನ ಇಬ್ಬರು ಮನೆಯ ನೆನಪು ತಾಳಲಾರದೆ ಹಿಂದಿರುಗಿಬಿಟ್ಟಿದ್ದರಿಂದ ಆ ಗುಂಪಿನವರಿಗೆ ತಲಾ ಪಾಲು ತುಸು ಹೆಚ್ಚೇ ಬೀಳುತ್ತಿತ್ತು. ಆದರೂ ಲೆಕ್ಕಕ್ಕಾಗಿ ಯಾರೂ ತಕರಾರು ತೆಗೆಯಲಿಲ್ಲ. ಪಾಲುದಾರಿಕೆಯ ವ್ಯಾಪಾರ ನಡೆಸಿದವರಿಗೆ ಇದು ಎಷ್ಟು ದೊಡ್ಡ ಮಾತೆಂಬುದು ಗೊತ್ತು. ಆಮೇಲೊಂದು ದಿನ ಆಹಾರ ತರಬೇಕಾದ ಲಾರಿ ಮುಂದೆ ಚಲಿಸದಾದಾಗ, ಹಿಂದೆ ಹಗ್ಗ ಜಗ್ಗಾಟದಲ್ಲಿ ಒಬ್ಬರನ್ನೊಬ್ಬರು ಎಳೆದಾಡಿದ್ದ ಹಗ್ಗವನ್ನೇ ಕಟ್ಟಿ ಎರಡು ಗುಂಪಿನವರೂ ಒಂದೇ ದಿಕ್ಕಿಗೆ ಎಳೆದರು.

ಲೋಕದ ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾದದ್ದು ಈ ಮೂರನೆಯ ಶಿಬಿರ. ಸಮಾನ ಶ್ರಮದಿಂದ ವೈರ ಕರಗುತ್ತದೆಂಬ ಅದರ ತೀರ್ಮಾನ ಅಮೂಲ್ಯವಾದುದು, ಸಂದೇಹವಿಲ್ಲ. ಆದರೆ ಕೆಡಿಸಿದವರೇ ಕೂಡಿಸಿ ಕೀರ್ತಿ ಪಡೆದ ಕಥೆ ಅದು. ಕೆಡಿಸಲು ಬಂದವರನ್ನೇ ಸೋಲಿಸಿದ ಎರಡನೆಯ ಶಿಬಿರದ ಮಕ್ಕಳಿಗೆ ಪುಸ್ತಕಗಳಲ್ಲಿ ಸ್ಥಳ ಸಿಗಲಿಲ್ಲ.

ಮನಃಸ್ಥೈರ್ಯದ ವಿಷಯದಲ್ಲಿಯೂ ಈ ಶಿಬಿರಗಳಿಂದ ತಿಳಿಯುವುದುಂಟು. ರ್‍ಯಾಟ್ಲರ್ ಗುಂಪಿನಲ್ಲಿ ಗಟ್ಟಿತನವೇ ದೊಡ್ಡ ಗುಣವೆಂಬ ಭಾವನೆ ಬೆಳೆದು, ಪೆಟ್ಟಾದರೂ ಹೇಳಿಕೊಳ್ಳದಿರುವುದು, ಚಿಕಿತ್ಸೆಗೆ ಬಾರದಿರುವುದು ವಾಡಿಕೆಯಾಯಿತು. ಹೊರಗಿನಿಂದ ನೋಡುವವರಿಗೆ ಇದು ಧೈರ್ಯವೆಂದೇ ತೋರುತ್ತದೆ. ಇಂಥ ಮಗನನ್ನು ಕಂಡು ತಂದೆ ಹಿಗ್ಗುವುದೂ ಉಂಟು. ಆದರೆ ಗಾಯವನ್ನು ಅಡಗಿಸುವ ಹುಡುಗನಿಗೂ ಮುರಿದ ವಾದ್ಯವನ್ನು ಕೈಯಲ್ಲಿ ಹಿಡಿದುಕೊಂಡೂ ಎದುರು ಪಂಗಡದವರನ್ನು ದೂರದೆ ಇದ್ದ ಹುಡುಗನಿಗೂ ಬಹಳ ಅಂತರವಿದೆ. ಮೊದಲನೆಯವನು ನೋವನ್ನು ಗುಂಪಿಗೆ ಹೆದರಿ ನುಂಗುತ್ತಾನೆ. ಎರಡನೆಯವನಿಗೆ ನೋವಿದೆ, ಅದು ಎಲ್ಲರಿಗೂ ಕಾಣುತ್ತಲೂ ಇದೆ, ಆದರೆ ಅದು ಅವನ ವಿವೇಕವನ್ನು ಕೆಡಿಸಿಲ್ಲ. ಮನೆಗೆ ಹಿಂದಿರುಗಿದ ಆ ಇಬ್ಬರು ಮಕ್ಕಳನ್ನು ಕೂಡ ದುರ್ಬಲರೆಂದು ಹೀಗಳೆಯಲಾಗದು. ತಮಗಾಗುವುದಿಲ್ಲವೆಂದು ಬಾಯಿಬಿಟ್ಟು ಹೇಳಲು ಹನ್ನೊಂದರ ವಯಸ್ಸಿನಲ್ಲಿ ಕಡಿಮೆ ಎದೆಗಾರಿಕೆ ಸಾಲದು.

ಈ ನಾಡಿನಲ್ಲಿ ಶಿಬಿರ ನಡೆಸುವವರು ಪ್ರಯೋಗಕಾರರಲ್ಲ, ಮಕ್ಕಳ ಹಿತೈಷಿಗಳು. ಆದರೂ ಮೊದಲ ದಿನದ ಮೊದಲ ಗಂಟೆಯಲ್ಲಿ ನಡೆಯುವುದೇನೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಮಕ್ಕಳು ಒಬ್ಬರ ಹೆಸರನ್ನೊಬ್ಬರು ಕೇಳಿಕೊಳ್ಳುವ ಮುನ್ನವೇ ಕೆಂಪು, ನೀಲಿ, ಹಸಿರು, ಹಳದಿ ಎಂದು ನಾಲ್ಕು ತಂಡಗಳಾಗುತ್ತವೆ. ಅಂಕಗಳ ಫಲಕ ಗೋಡೆಗೇರುತ್ತದೆ. ಹಾಸಿಗೆ ಮಡಿಸಿದ್ದಕ್ಕೆ ಅಂಕ, ಪ್ರಾರ್ಥನೆಗೆ ಬೇಗ ಬಂದದ್ದಕ್ಕೆ ಅಂಕ, ಮೌನವಾಗಿ ಊಟ ಮಾಡಿದ್ದಕ್ಕೂ ಅಂಕ. ಪ್ರಾರ್ಥನೆಗೂ ಅಂಕವೇ ಎಂದು ಕೇಳಿದರೆ, ಇಲ್ಲದಿದ್ದರೆ ಮಕ್ಕಳು ಬರುವುದಿಲ್ಲವೆಂಬ ಉತ್ತರ ಸಿದ್ಧವಿರುತ್ತದೆ. ಸಮಾರೋಪದ ದಿನ ಒಂದು ತಂಡ ಫಲಕ ಎತ್ತಿ ಹಿಡಿದು ಕುಣಿಯುತ್ತದೆ. ಮೂರು ತಂಡಗಳು ತಟ್ಟೆ ಚೊಂಬುಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತವೆ.

ತಂಡ ಮಾಡುವುದೇ ದೋಷವೆಂದಲ್ಲ. 1907ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ, ಸ್ಕೌಟ್ ಚಳವಳಿಗೆ ನಾಂದಿಯಾದ ಶಿಬಿರದಲ್ಲಿಯೂ ಸುಮಾರು 20 ಹುಡುಗರನ್ನು ನಾಲ್ಕು ದಳಗಳಾಗಿ ಮಾಡಿದ್ದುಂಟು. ಅಲ್ಲಿ ಸಿರಿವಂತರ ಶಾಲೆಗಳ ಹುಡುಗರೂ ಇದ್ದರು, ದುಡಿಯುವವರ ಮನೆಯ ಹುಡುಗರೂ ಇದ್ದರು. ಎರಡು ಬಗೆಯವರನ್ನೂ ಒಂದೇ ದಳದಲ್ಲಿ ಬೆರೆಸಲಾಗಿತ್ತು. ಹೊರಗಿನ ಸಮಾಜದಲ್ಲಿ ಮೊದಲೇ ಇದ್ದ ಗೆರೆಯನ್ನು ಅಳಿಸುವುದಕ್ಕೂ ತಂಡ ಉಪಯೋಗಕ್ಕೆ ಬರುತ್ತದೆ, ಇಲ್ಲದ ಗೆರೆಯನ್ನು ಎಳೆಯುವುದಕ್ಕೂ ಬರುತ್ತದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರಗಳಲ್ಲಿ ಹಳ್ಳಿಯ ರಸ್ತೆಗೆ ಮಣ್ಣು ಹೊತ್ತು ಬಂದವರು, ಬುಟ್ಟಿ ಕೈಯಿಂದ ಕೈಗೆ ಸಾಗುವಾಗ ಪಕ್ಕದವನ ಊರು ಕೇರಿ ಯಾರಿಗೂ ನೆನಪಿರುವುದಿಲ್ಲವೆಂದು ಹೇಳುತ್ತಾರೆ. ಆ ಕೆಲಸ ನಿಜವಾದ ಕೆಲಸವಾಗಿರಬೇಕು, ಅಷ್ಟೇ. ಅತಿಥಿಗಳು ಬಂದಾಗ ಭಾವಚಿತ್ರಕ್ಕಾಗಿ ಹಿಡಿದ ಗುದ್ದಲಿಯಿಂದ ಮಣ್ಣೂ ಏಳುವುದಿಲ್ಲ, ಗೆಳೆತನವೂ ಏಳುವುದಿಲ್ಲ.

ಆದುದರಿಂದ ಟ್ರಸ್ಟಿನ ಸಭೆಯಲ್ಲಿ ಮುಂದಿನ ಬೇಸಿಗೆಯ ಶಿಬಿರದ ಆಯವ್ಯಯ ಮಂಡನೆಯಾದಾಗ, ಬಹುಮಾನಗಳ ಬಾಬ್ತಿಗೆ ಇಟ್ಟ ಮೊತ್ತವನ್ನು ಯಾರಾದರೊಬ್ಬರು ಪ್ರಶ್ನಿಸುವುದು ಒಳ್ಳೆಯದು. ಆ ಹಣದಲ್ಲಿ ಒಂದು ದೊಡ್ಡ ಹಂಡೆ, ನಾಲ್ಕು ಕೊಡ, ಬಾವಿಗೊಂದು ಹೊಸ ಹಗ್ಗ ಬರುತ್ತವೆ. ಅಡುಗೆಗೆ ಬೇಕಾದ ನೀರನ್ನು ಮಕ್ಕಳೇ ಸೇದಿ, ಸೋಸಿ, ಹೊತ್ತು ತುಂಬಿಸಲಿ. ಮೊದಲ ಎರಡು ದಿನ ಯಾವ ತಂಡವೂ ಬೇಡ, ಯಾವ ಫಲಕವೂ ಬೇಡ. ಚಾಪೆಗಳನ್ನು ಶಾಲೆವಾರು, ಊರುವಾರು ಹಾಸದೆ ಬಂದವರು ಬಂದ ಹಾಗೆ ಹಾಸಿಕೊಳ್ಳಲಿ. ಯಾರದಾದರೂ ಟವೆಲು ಕಾಣೆಯಾದಾಗ ಮೇಲ್ವಿಚಾರಕರು ತಕ್ಷಣ ಪಂಚಾಯಿತಿ ಸೇರಿಸದೆ, ಹುಡುಗರೇ ಒಬ್ಬರನ್ನೊಬ್ಬರು ಕೇಳಿಕೊಳ್ಳಲು ಒಂದು ಸಂಜೆ ಬಿಡಲಿ.

ರಾಬರ್ಸ್ ಕೇವ್ ಶಿಬಿರ ಮುಗಿದಾಗ ಬರುವಾಗ ಎರಡು ಬಸ್ಸುಗಳಲ್ಲಿ ಬಂದಿದ್ದ ಹುಡುಗರು ಒಂದೇ ಬಸ್ಸಿನಲ್ಲಿ ಹೋಗಬೇಕೆಂದು ತಾವಾಗಿಯೇ ಅಪೇಕ್ಷಿಸಿದರು. ರ್‍ಯಾಟ್ಲರ್ ಗುಂಪಿನ ಬಳಿ ಒಂದು ಸ್ಪರ್ಧೆಯಲ್ಲಿ ಗೆದ್ದ ಐದು ಡಾಲರ್ ಉಳಿದಿತ್ತು. ದಾರಿಯಲ್ಲಿ ಬಸ್ಸು ನಿಂತಾಗ ಅವರು ಅದನ್ನು ಖರ್ಚು ಮಾಡಿ ಇಪ್ಪತ್ತು ಮಂದಿಗೂ ಹಾಲಿನ ಪಾನೀಯ ಕೊಡಿಸಿದರು. ಅಂದಿನ ಮಕ್ಕಳಲ್ಲಿ ಹಲವರಿಗೆ ತಾವು ಬಾಲ್ಯದಲ್ಲಿ ಪಾಲ್ಗೊಂಡದ್ದು ಒಂದು ಪ್ರಯೋಗದಲ್ಲಿ ಎಂಬ ಸಂಗತಿ ತಿಳಿದದ್ದು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದು ತಲೆ ನರೆತ ಮೇಲೆ, ಜೀನಾ ಪೆರಿ ಅವರನ್ನು ಹುಡುಕಿಕೊಂಡು ಬಂದಾಗ.